ಮುರಾರಿ ಸೂತ್ರ

ಬಿಳಿ — ಅಲ್ಲ, ಪೂರ್ತಿ ಬಿಳಿಯಲ್ಲ, ಬೆನ್ನಿಗೆ ಬೂದಿ ಬಳಿದ ಬಿಳಿ, ಕಳವಾ ಖಾಡಿಯ ಹಿನ್ನೀರಿನ ಮೇಲೆ ಒಂದು ಗೀರು ಎಳೆದ ಹಾಗೆ ಹೋಯಿತು, ಎದುರು ನಿಂತವನ ಕಂಕುಳಿನ ಸಂದಿಯಲ್ಲಿ ಕಂಡದ್ದು ಅಷ್ಟೇ, ರೆಕ್ಕೆಯ ತುದಿ ಕಾಣುವಷ್ಟರಲ್ಲಿ ಸೇತುವೆಯ ಕಬ್ಬಿಣ ಅಡ್ಡ ಬಂತು, ಮತ್ತೆ ಕಂಕುಳು, ಮತ್ತೆ ಕಬ್ಬಿಣ — ಭಾನುವಾರ, ಹಳಿ ರಿಪೇರಿಯ ಮೆಗಾಬ್ಲಾಕ್, ಹತ್ತು ಗಾಡಿಯ ಜನ ಒಂದೇ ಗಾಡಿಯಲ್ಲಿ, ಡೊಂಬಿವಲಿಯಲ್ಲಿ ಹತ್ತುವಾಗ ಕಡಿಮೆಯೆಂದರೂ ನಾಲ್ಕು ಲಕ್ಷ ಇದ್ದರು, ದಿವಾದಲ್ಲಿ ಇನ್ನೂ ನಾಲ್ಕು ಲಕ್ಷ ನುಗ್ಗಿತು, ಈ ಎಂಟು ಲಕ್ಷದಲ್ಲಿ ಖಾಡಿಯ ಕಡೆ ಕುತ್ತಿಗೆ ತಿರುಗಿಸಿದವನು ಮುರಾರಿ ಒಬ್ಬನೇ. ಅರವತ್ತಾರು ವರ್ಷ, ಎಡ ಮೊಣಕಾಲಲ್ಲಿ ನೀರು, ಆದರೂ ಕಣ್ಣು, ಆ ಬೆಕ್ಕಿನ ಬಣ್ಣದ ತೆಳುಗಣ್ಣು, ಅದರ ಮುಂದೆ ಗಿಡುಗನೂ ಕನ್ನಡಕ ಹುಡುಕಬೇಕು. ಯಾವುದದು, ಕಂದುತಲೆಯೋ ಕರಿತಲೆಯೋ? ಮೊನ್ನೆ ಶುಕ್ರವಾರದವರೆಗೆ ಇದು ಪ್ರಶ್ನೆಯೇ ಆಗಿರಲಿಲ್ಲ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಇವತ್ತು ಐರೋಲಿ ಜೆಟ್ಟಿಯಲ್ಲಿ ಹತ್ತೂವರೆಗೆ ಕನ್ನಡ ಸಂಘದವರು ಅವನಿಗೆ ಶಾಲು ಹೊದಿಸುತ್ತಾರೆ, ಇಪ್ಪತ್ತೇಳು ಚಳಿಗಾಲ ಅವನು ಎಣಿಸಿದ ಹಕ್ಕಿಗಳೆಲ್ಲ ಪುಸ್ತಕವಾಗಿ ಬರುತ್ತಿವೆ, ಅಚ್ಚಾಗಿ ಕಟ್ಟಾಗಿ ಕುಳಿತಿವೆ, ಕಾರ್ಯದರ್ಶಿ ಜಯೇಶ್ ಫೋನಿನಲ್ಲಿ, ಸರ್, ಬ್ಯಾನರ್ ಮೇಲೆ ಪಕ್ಷಿತಜ್ಞ ಅಂತ ಹಾಕೋದಾ ಪಕ್ಷಿಭೀಷ್ಮ ಅಂತ ಹಾಕೋದಾ, ಮುರಾರಿ ಹೇಳಿದ್ದ, ಎಂತ ಬೇಕಾದ್ರೂ ಹಾಕಿ ಮಾರಾಯ್ರೆ, ನಂಗೆ ಹೆಸರಿನ ಆಸೆಯೇ ಇಲ್ಲ, ಭೀಷ್ಮ ಹಾಕುವುದಾದ್ರೆ ಅಕ್ಷರ ಮಾತ್ರ ಸ್ವಲ್ಪ ದೊಡ್ಡದಿರ್ಲಿ. ಹೆಂಡತಿ ವಾರಿಜಾ ಹಿಂದಿನ ಹೆಂಗಸರ ಡಬ್ಬಿಯಲ್ಲಿದ್ದಾಳೆ, ಎರಡು ದೊಡ್ಡ ಪಾತ್ರೆ ಗೋಳಿಬಜೆ ಎದೆಗೆ ಅವಚಿಕೊಂಡು, ಐರೋಲಿ ಊರಿಗೇ ಸಾಕಾಗುವಷ್ಟು ಕರಿದಿದ್ದಾಳೆ, ಹತ್ತುವ ಮೊದಲು ಮುಖ ನೋಡದೆ ಹೇಳಿದ್ದು — ಇವತ್ತೊಂದು ದಿನ ಆ ಕತೆ ಹೇಳ್ಬೇಡಿ, ಆಯ್ತಾ? ಯಾವ ಕತೆ? ನಿಮ್ಗೆ ಗೊತ್ತುಂಟು ಯಾವ ಕತೆ ಅಂತ.

ಗೊತ್ತುಂಟು. ಆದರೆ ಕತೆಗಿಂತ ಮೊದಲು ಹಕ್ಕಿ, ಹಕ್ಕಿಯಿಲ್ಲದೆ ಕತೆ ಎಲ್ಲಿ — ಕಂದುತಲೆ ಕಡಲಕ್ಕಿ, ಕರಿತಲೆ ಕಡಲಕ್ಕಿ, ಈ ಹೆಸರಿಟ್ಟವನನ್ನು ಹಿಡಿದು ಇದೇ ಗಾಡಿಯಲ್ಲಿ ಇದೇ ಕಂಕುಳಿನ ಕೆಳಗೆ ಕಲ್ಯಾಣಕ್ಕೂ ಠಾಣೆಗೂ ಏಳು ಸಲ ತಿರುಗಿಸಬೇಕು, ತಲೆಯ ಮೇಲಿನ ಆ ಬಣ್ಣದ ಟೊಪ್ಪಿ ಅವಕ್ಕೆ ಬರುವುದು ಬೇಸಿಗೆಯಲ್ಲಿ, ಮೊಟ್ಟೆಯಿಡಲು ಹಿಮಾಲಯದಾಚೆ ಹೋದಾಗ, ಅದೂ ಕರಿತಲೆಯದ್ದು ಕರಿಯಲ್ಲ, ಡಿಕಾಕ್ಷನ್ನಿನ ಬಣ್ಣ. ನಮ್ಮ ಖಾಡಿಯ ಕೆಸರಿಗೆ ಚಳಿಗಾಲದಲ್ಲಿ ಇಳಿಯುವಾಗ ಎರಡೂ ಟೊಪ್ಪಿ ಕಳಚಿಟ್ಟು ಬೋಳು ಬಿಳಿತಲೆಯಲ್ಲಿ ಬರುತ್ತವೆ, ಕಿವಿಯ ಹತ್ತಿರ ಒಂದೊಂದು ಮಸಿಬೊಟ್ಟು, ಕೆಂಪು ಕಾಲು, ಕೆಂಪು ಕೊಕ್ಕು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಇವನ್ನು ಬೇರೆ ಮಾಡಲಾಗದೆ ಎಷ್ಟು ಪ್ರೊಫೆಸರುಗಳು ದುರ್ಬೀನು ಬಿಸಾಡಿ ಸನ್ಯಾಸ ತೆಗೆದುಕೊಂಡರೋ. ಮುರಾರಿಗೆ ಬೇಕಾದದ್ದು ಏಳು ನಿಮಿಷ. ರಬಾಳೆಯ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್, ಪಂಪಿನ ಬಿಡಿಭಾಗಗಳ ನಕ್ಷೆ ಬಿಡಿಸುವ ಕೆಲಸ, ಕೂದಲಿನ ಹತ್ತರಲ್ಲೊಂದು ಭಾಗ ದಪ್ಪದ ಗೆರೆ ಎಳೆಯುವ ಕೈ, ಊಟದ ಬಿಡುವಿನಲ್ಲಿ ಹಿಂಬದಿಯ ಕಂಪೌಂಡಿನ ಮೇಲೆ ಕೂತು ಮ್ಯಾಂಗ್ರೋವ್ ಆಚೆಯ ಕೆಸರಿಗೆ ದುರ್ಬೀನು ಹಿಡಿದ, ಮೊಸರನ್ನದ ಎರಡನೆಯ ತುತ್ತಿಗೆ ಉತ್ತರ ಸಿಕ್ಕಿತು — ಕಣ್ಣು. ಕಣ್ಣು ಬೆಳ್ಳಗಿದ್ದರೆ ಕಂದುತಲೆ, ಕಪ್ಪಗಿದ್ದರೆ ಕರಿತಲೆ. ಮುಗಿಯಿತು. ಅದಕ್ಕೆ ಅವನೇ ಇಟ್ಟ ಹೆಸರು ಮುರಾರಿ ಸೂತ್ರ. ಎಣಿಸಿದ್ದು ಕೂತ ಹಕ್ಕಿಯನ್ನು ಮಾತ್ರ, ಹಾರುವುದನ್ನು ಅವನು ಪುಸ್ತಕಕ್ಕೆ ಸೇರಿಸುತ್ತಿರಲಿಲ್ಲ, ನಕ್ಷೆಯವನ ಶಿಸ್ತು ಅದು, ನಿಂತದ್ದಕ್ಕೆ ಅಳತೆ, ಚಲಿಸುವುದನ್ನು ಅಳೆದರೆ ಅದು ಗಾಳಿಮಾತು. ಲೋಡಿಂಗಿನ ಬಾಲಪ್ಪ, ವಿಜಯಪುರದ ಕಡೆಯವನು, ರೊಟ್ಟಿ ಚೂರು ಎಸೆದು ಎಸೆದು ಹಕ್ಕಿ ಎಬ್ಬಿಸುತ್ತಿದ್ದ, ಒಂದು ದಿನ ಅಂದ, ಸಾಹೇಬ್ರ, ಕುಂತಾಗ ಎರಡು ನಮೂನಿ ಕಾಣ್ತಾವ್ರಿ, ಹಾರಿದ್ರ ಎಲ್ಲಾ ಒಂದ ನಮೂನಿ, ರೆಕ್ಕಿ ತುದಿಗೆ ಡಾಂಬರ್ ಹಚ್ಚಿದಂಗ, ಮುರಾರಿ ಅವನಿಗೆ ಹೇಳಿದ, ನೀನು ಮೂಟೆ ನೋಡ್ಕೊ ಬಾಲಪ್ಪ, ಹಕ್ಕಿ ನಾನು ನೋಡ್ಕೊಳ್ತೇನೆ, ಮತ್ತೆ ಆ ರೊಟ್ಟಿ ಎಸೆಯುವುದು ನಿಲ್ಸು, ನನ್ನ ಎಣಿಕೆ ತಪ್ಪುತ್ತದೆ. ಬಾಲಪ್ಪ ನಕ್ಕು, ಆತ್ರಿ, ನೀವ್ ಕಲ್ತವ್ರು, ಎಂದು ಉಳಿದ ರೊಟ್ಟಿ ತಾನೇ ತಿಂದ. ಎಣಿಕೆ ತಪ್ಪುತ್ತದಂತೆ. ಡಾಂಬರು ಹಚ್ಚಿದ ಹಾಗೆ — ಒಬ್ಬ ಮೂಟೆ ಹೊರುವವನಿಗೆ ಕಂಡದ್ದು, ಊಟದ ಮಧ್ಯೆ, ಬರಿಗಣ್ಣಿಗೆ.

ಠಾಣೆ ಬಂತು, ಉತರಾ ಉತರಾ, ಅರೇ ಅಂಕಲ್ ಆಗೇ ಬಢೋ ನಾ, ಜನ ಅವನನ್ನು ಇಳಿಸಿದರು, ಅವನು ಇಳಿಯಲಿಲ್ಲ, ಮೆಟ್ಟಿಲಿನ ಮೇಲೆ ಎಂಟು ಲಕ್ಷ ಚಪ್ಪಲಿಗಳ ಸದ್ದು, ಹತ್ತನೇ ಪ್ಲಾಟ್‌ಫಾರ್ಮಿನಲ್ಲಿ ಪನವೇಲ್ ಗಾಡಿ ನಿಂತಿದೆ, ವಾರಿಜಾ ಪಾತ್ರೆಗಳ ಸಮೇತ ಯಾರಿಗೂ ಸೋಲದೆ ಮುಂದೆ ಹೋಗಿ ಮತ್ತೆ ಹೆಂಗಸರ ಡಬ್ಬಿ ಹತ್ತಿದಳು, ಮುರಾರಿಗೆ ಕಿಟಕಿಯೇ ಸಿಕ್ಕಿತು, ಕಿಟಕಿ ಸಿಕ್ಕಿದ್ದೇ ಕಣ್ಣ ಮುಂದೆ ಆ ಹಳೆಯ ಬೆರಳು ಬಂತು. ಸಣ್ಣ ಬೆರಳು, ತೋರುಬೆರಳು, ತುದಿಯಲ್ಲಿ ಅರ್ಧ ಮಾಸಿದ ಮದರಂಗಿ, ಯಾವುದೋ ಮದುವೆಯದ್ದು. ಆಗ ಮಗಳು ಶ್ರೀಲಕ್ಷ್ಮಿಗೆ ಹನ್ನೆರಡು. ಭಾನುವಾರ ಸಂಘದವರಿಗೆ ಪಕ್ಷಿದರ್ಶನ ಎಂದು ಇದೇ ಐರೋಲಿ ಜೆಟ್ಟಿಗೆ ಮೂವತ್ತು ಜನರನ್ನು ಕರೆತಂದಿದ್ದ — ಮೂವತ್ತಲ್ಲ, ಮುನ್ನೂರು ಎಂದು ಆಮೇಲೆ ಹೇಳುತ್ತ ಬಂದ, ಮುನ್ನೂರೇ ಇದ್ದರು ಎಂದು ಅವನಿಗೇ ಈಗ ನೆನಪು — ಸೂತ್ರ ವಿವರಿಸುತ್ತಿದ್ದ, ಬಿಳಿಗಣ್ಣು ಕಪ್ಪುಕಣ್ಣು, ಎಲ್ಲರೂ ಓಹೋ ಎನ್ನುತ್ತಿದ್ದರು, ಆಗ ಮುಂದೆ ನಿಂತ ಮಗಳು ಬೆರಳು ನೀಡಿದಳು, ಅಪ್ಪಾ, ಆ ಕಪ್ಪುಕಣ್ಣಿಂದು ಬೇರೆ ಹಕ್ಕಿ ಅಲ್ಲ, ಅದು ಆ ಬಿಳಿಗಣ್ಣಿನದರ ಮರಿ, ನೋಡಿ, ಅದರ ಹಿಂದೆಯೇ ಹೋಗ್ತಾ ಉಂಟು, ದೊಡ್ಡದಾದ ಮೇಲೆ ಕಣ್ಣು ಬೆಳ್ಳಗಾಗ್ತದೆ ಇರ್ಬೇಕು. ಒಂದು ಕ್ಷಣ ಎಲ್ಲರೂ ಹಕ್ಕಿಯ ಕಡೆ ನೋಡಿದರು, ಅವನ ಕಡೆ ಯಾರೂ ನೋಡಲಿಲ್ಲ. ಆ ಒಂದು ಕ್ಷಣವನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಹೌದಾ ಮಗಳೇ ಎಂದ, ಧ್ವನಿ ಎತ್ತರಿಸಿ, ಬಂಧುಗಳೇ ನೋಡಿ, ಅಪ್ಪನ ಕಣ್ಣು ಬಿಳಿ, ಮಗಳ ಕಣ್ಣು ಕಪ್ಪು, ಎಂದು ತನ್ನ ಬೆಕ್ಕಿನ ಕಣ್ಣನ್ನು ಅಗಲಿಸಿ ಅವಳ ಗಲ್ಲ ಹಿಡಿದು ಎಲ್ಲರಿಗೂ ತಿರುಗಿಸಿ ತೋರಿಸಿ — ಅಂದ ಮೇಲೆ ಅವಳು ಅಪ್ಪನ ಮಗಳೇ ಅಲ್ಲ! ಎಂಥ ನಗು, ಖಾಡಿಯ ಆಚೆ ಮುಲುಂಡಿನವರೆಗೆ ಕೇಳಿರಬೇಕು, ಹೊಟ್ಟೆ ಹಿಡಿದು ಒಬ್ಬರು ಕೆಸರಿಗೇ ಕೂತರು, ವಾರಿಜಾ ಬುತ್ತಿಯ ಮುಚ್ಚಳ ತೆರೆಯುತ್ತಿದ್ದವಳು ಮತ್ತೆ ಮುಚ್ಚಿದಳು, ಮತ್ತು ಮಗು, ಗಲ್ಲ ಅಪ್ಪನ ಕೈಯಲ್ಲಿ, ಮುಖ ಜನರ ಕಡೆ, ಬೆರಳು ಮಾತ್ರ ಇನ್ನೂ ಹಕ್ಕಿಯ ಕಡೆ, ಇಳಿಸಲು ಮರೆತುಹೋದ ಹಾಗೆ.

ತಮಾಷೆ, ಬರೀ ತಮಾಷೆ, ನಗಿಸದೆ ಎಂತ ಭಾಷಣ? ಆಮೇಲೆ ಸಂಘದ ವಾರ್ಷಿಕೋತ್ಸವದಲ್ಲಿ ಹೇಳಿದ, ಉಪನಯನದಲ್ಲಿ ಹೇಳಿದ, ಡೊಂಬಿವಲಿಯ ಗಣೇಶ ಪೆಂಡಾಲಿನಲ್ಲಿ ಮರಾಠಿಯಲ್ಲಿ ಹೇಳಿದ, ಹತ್ತೊಂಬತ್ತು ವರ್ಷ, ಹತ್ತೊಂಬತ್ತು ಸಾವಿರ ಸಲ, ಜನ ಕೇಳಿ ಹೇಳಿಸಿದರು, ಮುರಾರಿಯವರೇ ಆ ಮಗಳ ಜೋಕ್, ಆ ಮಗಳ ಜೋಕ್, ಮಗಳು ಅದೇ ಪೆಂಡಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದರೂ. ಆ ಭಾನುವಾರದ ಮೇಲೆ ಅವಳು ಖಾಡಿಗೆ ಬರಲಿಲ್ಲ. ಯಾವಾಗಲೋ ಒಂದು ದಿನ ಅಪ್ಪನ ಹತ್ತಿರ ಕನ್ನಡ ನಿಂತಿತು, ಅಮ್ಮನ ಹತ್ತಿರ ತುಳು, ಗಂಡನ ಹತ್ತಿರ ಹಿಂದಿ, ಅಪ್ಪನ ಹತ್ತಿರ ಮರಾಠಿ, ಅದೂ ಆಫೀಸಿನ ಮರಾಠಿ, ಹೋ ಬಾಬಾ, ನಾಹೀ ಬಾಬಾ, ಅಪ್ಪ ಹೋಗಿ ಬಾಬಾ. ಇಲ್ಲೇ ಹುಟ್ಟಿದ ಮಕ್ಕಳು ಹಾಗೇ ಎಂದು ಅವನು ಎಲ್ಲರಿಗೂ ಹೇಳಿದ, ಎಲ್ಲರೂ ಒಪ್ಪಿದರು, ಅವರವರ ಮನೆಯಲ್ಲೂ ಹಾಗೇ, ಎಷ್ಟು ಒಳ್ಳೆಯ ಕಾರಣ ಸಿಕ್ಕಿತ್ತು. ಈಗ ಘಣಸೋಲಿಯಲ್ಲಿದ್ದಾಳೆ, ಐರೋಲಿಯಿಂದ ಎರಡೇ ಸ್ಟೇಷನ್, ಐರೋಲಿ, ರಬಾಳೆ, ಘಣಸೋಲಿ, ಮಗ ಸಾತ್ವಿಕನಿಗೆ ಐದು ವರ್ಷ, ಅಜ್ಜನನ್ನು ಅವನು ಅಂಕಲ್ ಎನ್ನದಿದ್ದದ್ದೇ ಪುಣ್ಯ.

ಮತ್ತೆ ಶುಕ್ರವಾರ ಅನಘ. ಖಾರಘರದ ಹುಡುಗಿ, ಹಕ್ಕಿಯಲ್ಲೇ ಪಿಎಚ್‌ಡಿ, ಅಜ್ಜ ಉಡುಪಿಯ ಕಡೆಯವರು, ಪುಸ್ತಕದ ಕೆಲಸಕ್ಕೆ ಅವನ ಇಪ್ಪತ್ತೇಳು ನೋಟ್‌ಬುಕ್ ಕಂಪ್ಯೂಟರಿಗೆ ಹಾಕಿದವಳು, ಕಾಕಾ ಕಾಕಾ ಎಂದು ಹಚ್ಚಿಕೊಂಡವಳು, ಫೋನ್ ಮಾಡಿ ಮೊದಲು ಚಹಾ ಆಯ್ತಾ ಕಾಕಾ ಎಂದಳು, ಮೊಣಕಾಲು ಹೇಗಿದೆ ಎಂದಳು, ಆಮೇಲೆ ಕೆಮ್ಮಿದಳು. ಕಾಕಾ, ಏಕ್ ಬಾತ್ ಬೋಲೂಂ? ಮೂರು ವರ್ಷ ನಾನೂ ಅದೇ ಜಾಗದಲ್ಲಿ ಫೋಟೋ ತೆಗ್ದೆ, ಹಾರುವಾಗಿನ ಫೋಟೋ, ನಿಜವಾದ ಕರಿತಲೆಗೆ ರೆಕ್ಕೆಯ ಮುಂದಿನ ಅಂಚಲ್ಲಿ ಒಂದು ಬಿಳಿ ಪಟ್ಟಿ ಇರುತ್ತೆ ಅಲ್ವಾ, ಉದ್ದಕ್ಕೆ, ನಿಮ್ಮ ಕಪ್ಪುಕಣ್ಣಿನವಕ್ಕೆ ಅದು ಇಲ್ಲ. ತುದಿ ಪೂರ್ತಿ ಕಪ್ಪು. ಅವು ಕಂದುತಲೆಯ ಮರಿಗಳು ಕಾಕಾ, ಮೊದಲ ಚಳಿಗಾಲದವು, ಮರಿಗಳಿಗೆ ಕಣ್ಣು ಕಪ್ಪೇ ಇರುತ್ತೆ, ಬೆಳೆದ ಮೇಲೆ ಬಿಳಿಯಾಗೋದು. ಹತ್ತರಲ್ಲಿ ಎಂಟು. ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಮುರಾರಿ, ಅಲ್ಲಮ್ಮ, ನನ್ನ ದುರ್ಬೀನು ರಷ್ಯಾದ್ದು, ಎಂದ, ಅದೊಂದು ಉತ್ತರವೇ? ಅವಳು, ಕಾಕಾ ನಿಮ್ಮ ಎಣಿಕೆ ತಪ್ಪಲ್ಲ, ಎರಡು ಕಾಲಂ ಕೂಡಿಸಿದ್ರೆ ಒಟ್ಟು ಲೆಕ್ಕ ಸರಿಯಾಗುತ್ತೆ, ತೀಸಿಸ್‌ನಲ್ಲಿ ನಾನು ಹಾಗೇ ಮಾಡ್ತೀನಿ, ಬುಕ್ ಮಾತ್ರ ಪ್ರಿಂಟ್ ಆಗ್ಬಿಟ್ಟಿದೆ, ಭಾನುವಾರ ನೀವೇ ಒಂದ್ ಮಾತು ಹೇಳ್ಬಿಡಿ ಸ್ಟೇಜ್ ಮೇಲೆ, ನಿಮ್ಮ ಬಾಯಿಂದ ಬಂದ್ರೆ ದೊಡ್ಡತನ, ನಾನಾಗಿ ಯಾರಿಗೂ ಹೇಳಲ್ಲ, ಪ್ರಾಮಿಸ್. ಇಪ್ಪತ್ತೇಳು ಚಳಿಗಾಲ ಮರಿಗಳನ್ನು ತಂದೆತಾಯಿಯಿಂದ ಬಿಡಿಸಿ ಬೇರೊಂದು ಕಾಲಮ್ಮಿಗೆ ತುಂಬಿದ್ದ, ಎಷ್ಟು ಅಚ್ಚುಕಟ್ಟಾದ ಅಕ್ಷರದಲ್ಲಿ, ಸ್ಕೇಲಿಟ್ಟು ಗೆರೆ ಎಳೆದು. ಇದನ್ನು ಯಾವ ಪ್ರೊಫೆಸರೂ ಕಂಡುಹಿಡಿಯದಿದ್ದರೂ ಒಬ್ಬಳು ಕಂಡಿದ್ದಳು, ದುರ್ಬೀನು ಸಹ ಇಲ್ಲದೆ — ಮತ್ತೆ ಆ ಬೆರಳು, ಮದರಂಗಿಯ ತುದಿ, ಕಿಟಕಿಯ ಸರಳಿನ ಆಚೆ ದಿಘಾ ಗಾಂವದ ಬೋರ್ಡು ದಾಟಿ ಹೋಗುತ್ತಿದೆ. ಸಂಘದ ಮುಂದೆ ಹೇಳುವುದು ಆಮೇಲೆ, ಮೊದಲು ಮಗಳಿಗೆ ಹೇಳಬೇಕು ಎಂದು ನಿನ್ನೆ ಬೆಳಿಗ್ಗೆ ಫೋನ್ ಹಿಡಿದ, ಬೋಲಾ ಬಾಬಾ ಎಂದಳು, ಬಾಯಲ್ಲಿ ಮಾತು ಸಿದ್ಧವಾಗಿತ್ತು, ಮಗಾ ನೀನು ಅವತ್ತು ಹೇಳಿದ್ದು ಸರಿ ತಪ್ಪಿದ್ದು ನಾನು, ಏಳೇ ಶಬ್ದ, ಹೆಚ್ಚೆಂದರೆ ಎಂಟು, ಬಂದದ್ದು ಮಾತ್ರ — ಶ್ರೀಲಕ್ಷ್ಮೀ, ಸಾವಿರ ಜನ ಬರ್ತಾರೆ, ಬ್ಯಾನರ್ ಹದಿನೈದು ಅಡಿ, ಮಂತ್ರಿ ಬರುವವರಿದ್ದರು, ನಾನೇ ಬೇಡ ಅಂದೆ, ನೀನು ಬರ್ತೀಯಾ? ಅವಳು ಒಂದು ಉಸಿರು ಬಿಟ್ಟು, ಬಘತೇ ಬಾಬಾ, ನೋಡುತ್ತೇನೆ ಎಂದು, ಫೋನ್ ಇಟ್ಟಳು.

ಅಗಲಾ ಸ್ಟೇಷನ್ ಐರೋಲಿ. ಇಳಿಯದಿದ್ದರೆ? ಕೂತೇ ಇದ್ದರೆ ರಬಾಳೆ, ಹಳೆಯ ಕಾರ್ಖಾನೆಯ ಗೋಡೆ, ಅದು ಮುಗಿದರೆ ಘಣಸೋಲಿ, ಹೆಚ್ಚೆಂದರೆ ಏಳೆಂಟು ನಿಮಿಷ, ರಿಕ್ಷಾ, ಲಿಫ್ಟಿನಲ್ಲಿ ಒಂಬತ್ತನೇ ಮಹಡಿ, ಬಾಗಿಲು ತೆಗೆದವಳ ಮುಂದೆ ನಿಂತು ಆ ಏಳು ಶಬ್ದ, ನೀರು ಬೇಕಾ ಎಂದು ಅವಳು ಯಾವ ಭಾಷೆಯಲ್ಲಾದರೂ ಕೇಳಿದರೆ ಸಾಕು, ಕುಡಿದು ಬರುವುದು, ಶಾಲು ಎಲ್ಲಿಗೂ ಓಡಿಹೋಗುವುದಿಲ್ಲ. ಕೂತಿದ್ದಾನೆ. ಬಾಗಿಲ ಹತ್ತಿರದವರು ಇಳಿಯಲು ಜರುಗುತ್ತಿದ್ದಾರೆ, ಅವನು ಕೂತಿದ್ದಾನೆ, ಮೊಣಕಾಲು ನೋಯುತ್ತಿಲ್ಲ, ಎಷ್ಟೋ ದಿನದ ಮೇಲೆ ನೋಯುತ್ತಿಲ್ಲ, ಆಗ ಕಿಟಕಿಯ ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಜಯೇಶ್, ಕೈಯಲ್ಲಿ ಹಾರ, ಹಿಂದೆ ನಾಲ್ಕು ಜನ, ಸರ್! ಸರ್ ಇಲ್ಲಿ! ಭೀಷ್ಮರು ಬಂದ್ರು! ಮತ್ತು ಕಾಲು, ಕಾಲಿಗೆ ನಾಚಿಕೆಯೆಂಬುದೇ ಇಲ್ಲ, ಎದ್ದು ನಿಂತಿತು, ನಡೆಯಿತು, ಇಳಿಯಿತು, ಕತ್ತು ಹಾರಕ್ಕೆ ಬಾಗಿತು, ಹಿಂದೆ ಗಾಡಿ ಘಣಸೋಲಿಯ ಕಡೆ ಹೊರಟುಹೋಯಿತು. ವಾರಿಜಾ ಪಾತ್ರೆ ಕೆಳಗಿಟ್ಟು ಹೂವಿನ ಹಾರ ನೋಡಿದಳು, ಸೇವಂತಿಗೆ ಒಳ್ಳೆದುಂಟು ಎಂದಳು, ಅಷ್ಟೇ.

ಜೆಟ್ಟಿಯಲ್ಲಿ ಸಾವಿರವೂ ಇಲ್ಲ ನೂರೂ ಇಲ್ಲ, ಅರವತ್ತು ಕುರ್ಚಿ, ನಲವತ್ತು ತುಂಬಿದೆ, ಉಳಿದದ್ದರ ಮೇಲೆ ಚೀಲಗಳು, ಬ್ಯಾನರ್ ಗಾಳಿಗೆ ಪಟಪಟ, ಪಕ್ಷಿಭೀಷ್ಮ, ಅಕ್ಷರ ದೊಡ್ಡದೇ ಇದೆ, ಇಳಿತದ ಹೊತ್ತು, ಕೆಸರು ಮೈಬಿಚ್ಚಿ ಮಲಗಿದೆ, ಅದರ ಮೇಲೆ ಅವು, ಕೂತಿವೆ, ಬಿಳಿಗಣ್ಣು ಕಪ್ಪುಕಣ್ಣು ಅಕ್ಕಪಕ್ಕ, ಒಂದು ಕಪ್ಪುಕಣ್ಣಿನದ್ದು ಬಿಳಿಗಣ್ಣಿನದರ ಹಿಂದೆ ಹಿಂದೆ — ನೋಡಬಾರದು. ಶಾಲು, ಹಣ್ಣು, ಪುಸ್ತಕದ ಕಟ್ಟು ಬಿಚ್ಚುವ ಫೋಟೋ, ಮುಂದಿನ ಸಾಲಿನಲ್ಲಿ ಅನಘ ಮೊಣಕಾಲ ಮೇಲೆ ಕೈ ಜೋಡಿಸಿ ಕೂತು ಅವನಿಗೆ ಸಣ್ಣಗೆ ತಲೆಯಾಡಿಸಿದಳು, ಹೇಳಿ ಕಾಕಾ ಎಂಬ ಹಾಗೆ. ಮೈಕು ಕೈಗೆ ಬಂತು. ಬಂಧುಗಳೇ, ಎಂದ. ಈ ಪುಸ್ತಕದಲ್ಲಿ ಒಂದು, ಎಂದ, ಒಂದು ತಿದ್ದುಪಡಿ — ಆಗಲೇ ಬೋಟಿನವರು ಯಾರೋ ಹಕ್ಕಿಗಳಿಗೆಂದು ಗಾಠಿಯಾ ಖಾರತಿಂಡಿ ಎರಚಿದರು, ಕೆಸರಿಗೆ ಕೆಸರೇ ಎದ್ದ ಹಾಗೆ ಅಷ್ಟೂ ಹಕ್ಕಿ ಮೇಲೆದ್ದವು, ರೆಕ್ಕೆ ಬಿಚ್ಚಿ, ತಲೆಯ ಮೇಲೆಯೇ, ಡಾಂಬರು ಹಚ್ಚಿದ ತುದಿಗಳು, ಇಪ್ಪತ್ತೇಳು ವರ್ಷ ನೋಡದೆ ಉಳಿದದ್ದನ್ನು ಅವನು ಬಾಯಿ ತೆರೆದು ನೋಡಿದ, ಬಿಳಿ ಪಟ್ಟಿ ಹುಡುಕಿದ, ಇದಕ್ಕಿಲ್ಲ, ಇದಕ್ಕಿಲ್ಲ, ಇದಕ್ಕೂ ಇಲ್ಲ, ಅಗೋ ಒಂದಕ್ಕಿದೆ, ಒಂದೇ ಒಂದಕ್ಕೆ. ಜನರ ಕತ್ತುಗಳೂ ಮೇಲಕ್ಕೆ, ಮೊಬೈಲುಗಳೂ ಮೇಲಕ್ಕೆ, ಅವನ ಕಡೆ ಯಾರೂ ನೋಡುತ್ತಿಲ್ಲ, ನಲವತ್ತರಲ್ಲಿ ಒಬ್ಬರೂ, ಅದೇ ಒಂದು ಕ್ಷಣ, ಜಯೇಶ್ ಕಿವಿಯಲ್ಲಿ, ಸರ್ ಆ ಮಗಳ ಜೋಕ್ ಹೇಳಿ ಸರ್, ಇಲ್ಲಾಂದ್ರೆ ಎದ್ದು ಬೋಟ್ ಕಡೆ ಹೋಗ್ತಾರೆ — ಮತ್ತು ಬಾಯಿ, ಹತ್ತೊಂಬತ್ತು ವರ್ಷ ಸವೆದು ನುಣುಪಾದ ದಾರಿ ಅದಕ್ಕೆ, ತಾನೇ ಜಾರಿತು: ಹತ್ತೊಂಬತ್ತು ವರ್ಷದ ಹಿಂದೆ ಇದೇ ಜೆಟ್ಟಿ, ಮುನ್ನೂರು ಜನ, ನನ್ನ ಮಗಳು ಬೆರಳು ತೋರಿಸಿ — ಕತ್ತುಗಳು ಇಳಿದವು, ಆಗಲೇ ನಗಲು ಸಿದ್ಧವಾದ ಮುಖಗಳು, ಎಷ್ಟು ಸುಲಭ, ಎಷ್ಟು ಬೆಚ್ಚಗೆ — ನಾನು ಹೇಳಿದೆ, ಅಪ್ಪನ ಕಣ್ಣು ಬಿಳಿ, ಮಗಳ ಕಣ್ಣು ಕಪ್ಪು, ಅಂದ ಮೇಲೆ — ಆಗ ಕಂಡಳು. ಕೊನೆಯ ಸಾಲಿನ ಹಿಂದೆ, ಬ್ಯಾನರಿನ ಕಂಬದ ಪಕ್ಕ, ಕೈಯಲ್ಲಿ ಹೆಲ್ಮೆಟ್, ಗಾಡಿ ಓಡಿಸಿಕೊಂಡು ಬಂದು ಕೆದರಿದ ಕೂದಲು, ಶ್ರೀಲಕ್ಷ್ಮಿ, ಬಂದಿದ್ದಾಳೆ. ಬಾಯಿ ನಿಂತಿತು. ಒಳ್ಳೆಯದಾಯಿತು, ಇನ್ನೂ ಅರ್ಧ ಬಾಕಿಯಿದೆ, ಅರ್ಧವನ್ನು ಬದಲಾಯಿಸಬಹುದು, ಅಂದ ಮೇಲೆ ಅವಳು ಹೇಳಿದ್ದೇ ಸರಿ, ಅಷ್ಟೇ, ಅವಳು ಹೇಳಿದ್ದೇ ಸರಿ ಬಂಧುಗಳೇ ತಪ್ಪಿದ್ದು ನಾನು, ಬಾಯಿಯೊಳಗೆ ಬಂದಿದೆ, ಹಲ್ಲಿನ ಹಿಂದೆಯೇ ಇದೆ — ಅವನು ತಡೆದದ್ದನ್ನು ಜನ ತಮಾಷೆಯ ತಡೆಯೆಂದುಕೊಂಡರು, ಕತೆ ಎಲ್ಲರಿಗೂ ಬಾಯಿಪಾಠ, ನಲವತ್ತು ಬಾಯಿಗಳು ಒಟ್ಟಿಗೆ, ಪೆಂಡಾಲಿನಲ್ಲಿ ಜೈಕಾರ ಹಾಕುವ ಹಾಗೆ, ಅವಳು ಅಪ್ಪನ ಮಗಳೇ ಅಲ್ಲ! ನಗು, ಚಪ್ಪಾಳೆ, ಜಯೇಶ್ ಶಿಳ್ಳೆ, ಅನಘ ತಲೆ ತಗ್ಗಿಸಿ ಚಪ್ಪಲಿಯ ಪಟ್ಟಿ ನೋಡುತ್ತಿದ್ದಾಳೆ, ವಾರಿಜಾ ಗೋಳಿಬಜೆಯ ಪಾತ್ರೆಗೆ ಬೆನ್ನು ಹಾಕಿ ನಿಂತಿದ್ದಾಳೆ, ಮತ್ತೆ ಕೊನೆಯಲ್ಲಿ ಅವಳು, ಅವಳೂ ನಗುತ್ತಿದ್ದಾಳೆ, ಎಲ್ಲರ ಜೊತೆ, ಹಲ್ಲು ಕಾಣುವಷ್ಟು, ಎಲ್ಲಿ ಕಲಿತಳು ಇಷ್ಟು ಚೆನ್ನಾಗಿ, ಎರಡು ಕೈಯಲ್ಲೂ ಹೆಲ್ಮೆಟ್ ಗಟ್ಟಿಯಾಗಿ ಹಿಡಿದಿದ್ದಾಳೆ, ಹತ್ತು ಬೆರಳೂ ಹೆಲ್ಮೆಟ್ಟಿನ ಮೇಲಿವೆ, ಹತ್ತೂ ಇವೆ, ಹಾಗಾದರೆ ಇದು ಯಾರದು, ಇಲ್ಲಿ, ಕುರ್ಚಿಗಳ ಈಚೆ, ಮೈಕಿಗೂ ಕೆಸರಿಗೂ ನಡುವೆ, ಗಾಳಿಯಲ್ಲಿ, ಮದರಂಗಿ ಅರ್ಧ ಮಾಸಿದ, ಮರಿಯ ಕಡೆ ನೀಡಿದ, ಇಳಿಯದ, ಒಂದು ಬೆರಳು —